ಮಾಳಿಗೆಯ ಕೋಣೆ: ಓದುಗರ ಕಾಗದ, ನನ್ನ ಉತ್ತರ

ಅಕ್ಟೋಬರ್ ಸಂಚಿಕೆಯಲ್ಲಿ "ನಿಮ್ಮ ವಾರದಲ್ಲಿ ದೇವರಿಗೆ ಜಾಗ ಎಲ್ಲಿದೆ?" ಎಂದು ಕೇಳಿದ್ದೆ. ಬಂದ ಕಾಗದಗಳನ್ನೆಲ್ಲ ಎರಡೆರಡು ಸಲ ಓದಿದ್ದೇನೆ. ಹಲವರು ಹೆಸರು ಹಾಕಬೇಡಿ ಎಂದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ನಾನು ಸ್ತ್ರೀಯರ ಅನ್ಯೋನ್ಯ ಕೂಟದ ಕಾರ್ಯದರ್ಶಿ. ಗಾಯನ ಮಂಡಳಿಯಲ್ಲಿ ಹಾಡುತ್ತೇನೆ, ಭಾನುವಾರ ಶಾಲೆಯಲ್ಲಿ ಕಲಿಸುತ್ತೇನೆ. ಡಿಸೆಂಬರ್ ಬಂತೆಂದರೆ ಕ್ಯಾರಲ್ಸ್ ಪಟ್ಟಿ, ಮಕ್ಕಳ ನಾಟಕ, ಊಟದ ಲೆಕ್ಕ ಎಲ್ಲ ನನ್ನ ತಲೆ ಮೇಲೆ. ಆದರೆ ರಾತ್ರಿ ದೀಪ ಆರಿಸಿದ ಮೇಲೆ ದೇವರ ಹತ್ತಿರ ಆಡಲು ಒಂದು ಮಾತೂ ಇರುವುದಿಲ್ಲ. ಸಭೆಗೆ (ಚರ್ಚಿಗೆ) ಇಷ್ಟು ಹತ್ತಿರವಿದ್ದೂ ದೇವರಿಂದ ಇಷ್ಟು ದೂರ ಹೇಗಾದೆ? (ದಾವಣಗೆರೆ)

ತಂಗಿ, ಇದೇ ಮಾತನ್ನು ಒಂಬತ್ತು ವರ್ಷದ ಹಿಂದೆ ನಾನು ಒಂದು ನೋಟುಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದೆ. ಯಜಮಾನರು ತೀರಿಹೋಗಿ ಎರಡು ವರ್ಷವಾಗಿತ್ತು. ಸಭೆಗೆ ಹೋಗುವುದನ್ನು ನಾನು ಬಿಟ್ಟಿರಲಿಲ್ಲ, ಬದಲಿಗೆ ಹೆಚ್ಚು ಮಾಡಿದ್ದೆ. ಬೆಳೆ ಹಬ್ಬದ ಹರಾಜಿಗೆ ಕುಂಬಳಕಾಯಿ ಸಾಲು ಹಚ್ಚುವುದರಿಂದ ಹಿಡಿದು ಸೋಮವಾರ ಬ್ಯಾಂಕಿಗೆ ಕಾಣಿಕೆ ಕಟ್ಟುವವರೆಗೆ ಯಾವ ಕೆಲಸ ಬಂದರೂ ನಾನೇ. ಎಲ್ಲರೂ ಅದನ್ನು ಸೇವೆ ಎಂದರು, ನಾನೂ ನಂಬಿದೆ. ಆದರೆ ದೇವರನ್ನು ಕೇಳಬೇಕಾದ ಒಂದು ಪ್ರಶ್ನೆ ನನ್ನೊಳಗೆ ಕೂತಿತ್ತು. ಅದನ್ನು ಕೇಳಲು ಹೆದರಿ ಕೆಲಸದ ಹಿಂದೆ ಅಡಗಿಕೊಂಡಿದ್ದೆ.

ಆ ವರ್ಷ ಭಾನುವಾರ ಶಾಲೆಯ ಮಕ್ಕಳಿಗೆ ಶೂನೇಮಿನ ತಾಯಿಯ ಕಥೆ ಹೇಳಬೇಕಾಗಿ ಬಂತು. ಎರಡನೆಯ ಅರಸುಗಳ ಪುಸ್ತಕ, ನಾಲ್ಕನೆಯ ಅಧ್ಯಾಯ. ಪ್ರವಾದಿ ಎಲೀಷನು ಆ ದಾರಿಯಲ್ಲಿ ಹೋಗಿಬರುವುದನ್ನು ಕಂಡು ಆಕೆ ಗಂಡನಿಗೆ, ಮಾಳಿಗೆಯ ಮೇಲೆ ಅವನಿಗೊಂದು ಚಿಕ್ಕ ಕೋಣೆ ಕಟ್ಟಿಸೋಣ ಅನ್ನುತ್ತಾಳೆ. ಅದರಲ್ಲಿ ಏನೇನಿರಬೇಕು ಎಂದೂ ಹೇಳುತ್ತಾಳೆ: ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಒಂದು ದೀಪ. ನಾಲ್ಕೇ ಸಾಮಾನು. ಹಪ್ಪಳದ ಡಬ್ಬಿಯನ್ನೋ ಹಳೇ ಹಾಸಿಗೆಯನ್ನೋ ಅಲ್ಲಿಡೋಣ ಎಂದು ಅವಳು ಹೇಳಲಿಲ್ಲ. ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳು ನಾನು, ಪಟ್ಟಿಯಲ್ಲಿ ಇಲ್ಲದ್ದನ್ನೂ ಓದುವ ಅಭ್ಯಾಸವಿದೆ. ನಮ್ಮ ಮನೆಯ ಮಾಳಿಗೆ ಕಣ್ಣ ಮುಂದೆ ಬಂತು. ಯಜಮಾನರ ಕೋಣೆ ಅದು, ಬೀಗ ಹಾಕಿಟ್ಟಿದ್ದೆ. ಒಳಗೆ ಅವರ ಕೆಟ್ಟ ರೇಡಿಯೋ, ಸೈಕಲ್ ಪಂಪು, ಹತ್ತಾರು ವರ್ಷದ ಕ್ಯಾಲೆಂಡರುಗಳು, ಜೊತೆಗೆ ಎಂದೋ ತಿದ್ದಿ ಮುಗಿಸಿದ ನನ್ನ ಉತ್ತರ ಪತ್ರಿಕೆಗಳ ಗಂಟು.

ಖಾಲಿ ಮಾಡಲು ಹನ್ನೊಂದು ಸಂಜೆ ಹಿಡಿಯಿತು. ಅವರ ವಸ್ತುಗಳನ್ನು ಎತ್ತಿಡುವುದು ಕಷ್ಟವಾದೀತು ಎಂದುಕೊಂಡಿದ್ದೆ, ಆಗಲಿಲ್ಲ. ನನ್ನ ಉತ್ತರ ಪತ್ರಿಕೆಗಳನ್ನು ರದ್ದಿಗೆ ಹಾಕುವಾಗ ಅತ್ತೆ. ನಾನು ಬೇಕಾದವಳು, ನನ್ನಿಂದ ಕೆಲಸ ನಡೆಯುತ್ತಿತ್ತು ಎನ್ನುವುದಕ್ಕೆ ಉಳಿದ ಸಾಕ್ಷಿ ಅದೊಂದೇ ಆಗಿತ್ತು.

ಕೋಣೆ ಖಾಲಿಯಾಯಿತು. ಮಂಚ, ಮೇಜು, ಕುರ್ಚಿ, ದೀಪ ಇಟ್ಟೆ. ಒಂದು ತಿಂಗಳು ದಿನಾ ಸಂಜೆ ಕೂತೆ. ಏನೂ ಆಗಲಿಲ್ಲ, ಇದನ್ನು ನಿಮಗೆ ಮುಚ್ಚಿಡುವುದಿಲ್ಲ. ಸತ್ಯವೇದದ ಕೀರ್ತನೆ ಓದಿದರೆ ಅಕ್ಷರ ಕಾಣುತ್ತಿತ್ತು, ಅರ್ಥ ಇಳಿಯುತ್ತಿರಲಿಲ್ಲ. ಕೆಳಗೆ ಕುಕ್ಕರ್ ಕೂಗಿದರೆ ಏಳಲು ಒಂದು ನೆಪ ಸಿಕ್ಕಿತು ಎನಿಸುತ್ತಿತ್ತು. ಆಮೇಲೆ ಒಂದು ಗುರುವಾರ ನಮ್ಮ ಓಣಿಯವರೇ ಆದ, ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಒಬ್ಬ ಅಕ್ಕ ಬಂದರು. "ಟೀಚರ್, ಮನೆಯಲ್ಲಿ ಅಳುವುದಕ್ಕೆ ಜಾಗ ಇಲ್ಲ, ನಿಮ್ಮಲ್ಲಿ ಸ್ವಲ್ಪ ಹೊತ್ತು ಕೂರಲೇ?" ಎಂದರು. ಮಗನ ಕುಡಿತ. ಮಾಳಿಗೆಗೆ ಕರೆದುಕೊಂಡು ಹೋದೆ. ಅವರು ಅತ್ತರು, ನಾನು ಸುಮ್ಮನೆ ಕೂತೆ. ಕತ್ತಲಾದ ಮೇಲೆ ಎದ್ದು ಹೋಗುವಾಗ "ನಿಮ್ಮವರು ಹೋದಾಗ ನೀವು ಅತ್ತದ್ದು ನಾನು ನೋಡಲೇ ಇಲ್ಲ" ಎಂದರು. ಅವತ್ತು ರಾತ್ರಿ ದೇವರನ್ನು ಆ ಪ್ರಶ್ನೆ ಕೇಳಿದೆ. ಬಾಯಿ ಬಿಟ್ಟು, ಜೋರಾಗಿ.

ಅದೇ ಅಧ್ಯಾಯದ ಇಪ್ಪತ್ತೊಂದನೆಯ ವಚನ ಓದಿ. ತನ್ನ ಒಬ್ಬನೇ ಮಗ ಮಡಿಲಲ್ಲೇ ಸತ್ತಾಗ ಆ ತಾಯಿ ಅವನನ್ನು ಎತ್ತಿಕೊಂಡು ಮೇಲೆ ಹೋಗಿ ಅದೇ ಮಂಚದ ಮೇಲೆ ಮಲಗಿಸುತ್ತಾಳೆ. ದೇವರ ಮನುಷ್ಯನಿಗಾಗಿ ಒಳ್ಳೆಯ ದಿನಗಳಲ್ಲಿ ಹಾಸಿಟ್ಟ ಹಾಸಿಗೆ ಅದು. ಕೆಟ್ಟ ದಿನ ಬಂದಾಗ ಎಲ್ಲಿಗೆ ಹೋಗಬೇಕು ಎಂದು ಅವಳು ಹುಡುಕಬೇಕಾಗಲಿಲ್ಲ.

ನಿಮಗೆ ನಾನು ಹೇಳುವುದು ಇಷ್ಟು. ಕ್ರಿಸ್ಮಸ್ ಕಳೆದ ಮೇಲೆ ಅನ್ನಬೇಡಿ, ಹಬ್ಬಕ್ಕೆ ಮುಂಚಿನ ಈ ಆಗಮನ ಕಾಲದಲ್ಲೇ ಒಂದು ಕೆಲಸ ಬಿಡಿ. ಊಟದ ಲೆಕ್ಕ ಬಿಡಿ ಎಂದು ನನ್ನ ಸಲಹೆ. ಅದನ್ನು ಸಭೆಯಲ್ಲಿ ಈವರೆಗೆ ಯಾರೂ ಏನನ್ನೂ ಒಪ್ಪಿಸದ ಒಬ್ಬರಿಗೆ ಒಪ್ಪಿಸಿ. ಲೆಕ್ಕ ನೂರಿನ್ನೂರು ತಪ್ಪಿದರೆ ತಪ್ಪಲಿ. ಉಳಿದ ಆ ಸಮಯದಲ್ಲಿ ವಾರಕ್ಕೊಂದು ಸಂಜೆ ಒಬ್ಬ ಗೆಳತಿಯ ಜೊತೆ ಕೂರಿ, ಕಾರ್ಯಕ್ರಮವಿಲ್ಲದೆ. ಲೂಕನು ಬರೆದ ಕ್ರಿಸ್ತಜನನದ ಕಥೆಯಲ್ಲಿ ನಮ್ಮ ಕನ್ನಡ ಸತ್ಯವೇದ "ಛತ್ರ" ಎನ್ನುವ ಕಡೆ ಗ್ರೀಕಿನಲ್ಲಿರುವ ಪದ "ಕತಾಲುಮ". ಅದಕ್ಕೆ ಅತಿಥಿಗಳ ಕೋಣೆ ಎಂದೂ ಅರ್ಥವಿದೆ. ಅದೇ ಲೂಕನ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಶಿಷ್ಯರೊಂದಿಗೆ ಪಸ್ಕ ಹಬ್ಬದ ಊಟಕ್ಕೆ ಕೋಣೆ ಕೇಳುವಾಗಲೂ ಬರುವುದು ಅದೇ ಪದ. ಹುಟ್ಟುವಾಗ ಸಿಗದ ಕೋಣೆಯನ್ನು ಕಡೆಯ ರಾತ್ರಿ ಯೆರೂಸಲೇಮಿನ ಒಬ್ಬ ಮನೆಯಾತ ಬಿಟ್ಟುಕೊಟ್ಟ. ಅವನ ಹೆಸರು ಕೂಡ ಬರೆದಿಲ್ಲ. ಈ ಡಿಸೆಂಬರಿನಲ್ಲಿ ಗೋದಲಿ ಕಟ್ಟುವಾಗ ಆ ಮನೆಯಾತನನ್ನೂ ನೆನೆಯಿರಿ.

ನಾವು ಆರು ಮನೆಯವರು ಬುಧವಾರ ಸಂಜೆ ಸೇರಿ ಸತ್ಯವೇದ ಓದಿ ಪ್ರಾರ್ಥಿಸುತ್ತೇವೆ. ಕಮಿಟಿಯ ಹಿರಿಯರೊಬ್ಬರು, "ಇದು ಪೆಂತೆಕೋಸ್ತಿನವರ ಪದ್ಧತಿ, ನಮ್ಮ ಬಾಸೆಲ್ ಮಿಶನ್ ಸಂಪ್ರದಾಯವಲ್ಲ, ಸಭೆ ಒಡೆಯುತ್ತದೆ" ಎಂದು ಬೇಸರ ಮಾಡಿಕೊಂಡಿದ್ದಾರೆ. ನಿಲ್ಲಿಸಬೇಕೇ? (ಗದಗ-ಬೆಟಗೇರಿ)

ನಿಲ್ಲಿಸಬೇಡಿ. ಆದರೆ ಆ ಹಿರಿಯರ ಹೆದರಿಕೆಯನ್ನು ತಳ್ಳಿಹಾಕಲೂ ಬೇಡಿ.

ಮೊದಲು ಸಂಪ್ರದಾಯದ ಮಾತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಹೆಬಿಕ್, ಲೆಹ್ನರ್, ಗ್ರೈನರ್ ಅವರನ್ನು ಕಳಿಸಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಹುಟ್ಟಿದ್ದೇ ಮನೆಕೂಟಗಳ ನೆಲದಲ್ಲಿ. 1670ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಸಭಾಪಾಲಕರಾದ ಸ್ಪೆನರ್ ತಮ್ಮ ಮನೆಯಲ್ಲೇ ಜನರನ್ನು ಕೂಡಿಸಿ ವಾಕ್ಯ ಓದಿಸಿ ಮಾತಾಡಿಸಲು ತೊಡಗಿದರು. ಆರಾಧನೆಯಲ್ಲಿ ಸುಮ್ಮನೆ ಕೇಳಿ ಎದ್ದುಹೋಗುತ್ತಿದ್ದವರು ಅಲ್ಲಿ ಬಾಯಿ ತೆರೆದರು. ಈ ಕೂಟಗಳು ಹಬ್ಬಿದಂತೆ ನಿಮ್ಮ ಹಿರಿಯರಿಗೆ ಬಂದ ಹೆದರಿಕೆಯೇ ಅಲ್ಲಿನ ಅಧಿಕಾರಿಗಳಿಗೂ ಬಂತು. ಕಡೆಗೆ 1743ರಲ್ಲಿ ವುರ್ಟೆಂಬರ್ಗ್ ರಾಜ್ಯ ಒಂದು ಆದೇಶ ಹೊರಡಿಸಿ ಮನೆಕೂಟಗಳಿಗೆ ಒಪ್ಪಿಗೆ ಕೊಟ್ಟಿತು, ಸಭಾಪಾಲಕರ ಗಮನದಲ್ಲಿ ನಡೆಯಬೇಕು ಎಂಬ ಕಟ್ಟಳೆಯೊಂದಿಗೆ. ಸರಿಯಾಗಿ ನೂರು ವರ್ಷದ ಮೇಲೆ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಅದೇ ವುರ್ಟೆಂಬರ್ಗಿನವರು. ಹೀಗಾಗಿ ನಿಮ್ಮ ಬುಧವಾರದ ಸಂಜೆ ನಮ್ಮ ಅಜ್ಜ ಅಜ್ಜಿಯರ ಪೆಟ್ಟಿಗೆಯಿಂದ ತೆಗೆದದ್ದೇ ಹೊರತು ಸಾಲ ತಂದದ್ದಲ್ಲ. ಈ ಕಥೆಯನ್ನು ಹಿರಿಯರ ಮನೆಗೇ ಹೋಗಿ ಹೇಳಿ, ಕಮಿಟಿಯಲ್ಲಿ ಎದ್ದು ನಿಂತು ಹೇಳಬೇಡಿ.

ಇನ್ನು ಒಡೆಯುವ ಮಾತು. ಕೂಟಗಳಿಂದ ಸಭೆ ಒಡೆದದ್ದನ್ನು ನಾನೂ ಕಂಡಿದ್ದೇನೆ. "ನಾವು ಉರಿಯುವವರು, ಅವರು ಆರಿದವರು" ಎಂಬ ಮಾತು ಎಂದು ಬಾಯಿಗೆ ಬರುತ್ತದೋ ಅಂದಿನಿಂದ ಒಡಕು ಶುರು. ಗುರುವಾರ ನಾವೂ ಮನೆಗಳಲ್ಲಿ ಸೇರುವ ಕೂಟ ಏಳು ವರ್ಷ ಹೇಗೆ ಉಳಿಯಿತು ಎಂದು ಹೇಳುತ್ತೇನೆ, ನಿಮಗೆ ಹೊಂದುವುದನ್ನು ತೆಗೆದುಕೊಳ್ಳಿ. ಆರಾಧನೆಯ ಹೊತ್ತಿನಲ್ಲಿ ಎಂದೂ ಸೇರುವುದಿಲ್ಲ. ಕಾಣಿಕೆ ಎತ್ತುವುದಿಲ್ಲ, ದುಡ್ಡು ಬಂದಲ್ಲಿ ಖಜಾಂಚಿ ಬೇಕು, ಖಜಾಂಚಿ ಬಂದಲ್ಲಿ ಗುಂಪು. ಅಯ್ಯನವರಿಗೆ (ಸಭಾಪಾಲಕರಿಗೆ) ಬಾಗಿಲು ಯಾವಾಗಲೂ ತೆರೆದಿದೆ, ಅವರು ಬಂದಾಗ ನಮ್ಮ ಜೊತೆ ಚಾಪೆಯ ಮೇಲೆ ಕೂರುತ್ತಾರೆ, ಬೋಧಿಸುವುದಿಲ್ಲ. ಒಂದು ಕೀರ್ತನೆ ಓದುತ್ತೇವೆ, ಹತ್ತು ನಿಮಿಷ ಮೌನ, ಆಮೇಲೆ ಒಬ್ಬೊಬ್ಬರು ಒಂದೊಂದು ಸಲ ಮಾತ್ರ ಮಾತಾಡುತ್ತೇವೆ. ಅಲ್ಲಿ ಕೇಳಿದ್ದನ್ನು ಗಂಡನಿಗೂ ಹೇಳುವಂತಿಲ್ಲ.

ಮತ್ತೊಂದು, ಚಿಕ್ಕದೆಂದು ಬಿಡಬೇಡಿ: ತಿಂಡಿ ಮಾಡಬೇಡಿ. ಶುರುವಿನಲ್ಲಿ ಒಬ್ಬರ ಮನೆಯಲ್ಲಿ ಉಪ್ಪಿಟ್ಟು ಶಿರಾ ಆಯಿತು, ಮುಂದಿನ ವಾರ ಇನ್ನೊಬ್ಬರ ಮನೆಯಲ್ಲಿ ಗಿರ್ಮಿಟ್ಟು ಮಿರ್ಚಿ. ಮೂರನೆಯವರು ಎರಡು ವಾರ ಕೂಟಕ್ಕೇ ಬರಲಿಲ್ಲ. ಅವರ ಸರದಿ ಬರುವುದಿತ್ತು. ಈಗ ಯಾರ ಮನೆಯಾದರೂ ಅರ್ಧ ಕಪ್ಪು ಚಹಾ, ಅಷ್ಟೇ. ಬಾಡಿಗೆಯ ಒಂದೇ ಕೋಣೆಯಲ್ಲಿರುವವರೂ ಈಗ "ಮುಂದಿನ ವಾರ ನಮ್ಮಲ್ಲಿ" ಎನ್ನುತ್ತಾರೆ.

ಪ್ರತಿ ವರ್ಷ ನಮ್ಮಲ್ಲಿ ಮೂರು ರಾತ್ರಿ ಉಜ್ಜೀವನ ಕೂಟ, ವಿಶ್ವಾಸವನ್ನು ಮತ್ತೆ ಚಿಗುರಿಸಲೆಂದು. ದೊಡ್ಡ ಪೆಂಡಾಲು, ಧ್ವನಿವರ್ಧಕ, ಕಣ್ಣೀರು, ಕೈಯೆತ್ತಿ ಒಪ್ಪಿಸಿಕೊಡುವುದು ಎಲ್ಲ ನಡೆಯುತ್ತದೆ. ಹದಿನೈದು ದಿನಕ್ಕೆ ಮೊದಲಿನ ಹಾಗೇ. ಇದು ನಿಜವಾದ ಉಜ್ಜೀವನವೇ? (ಬೀದರ್)

ಆ ಕಣ್ಣೀರನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ. ನನ್ನ ಅವ್ವ ಅಂಥದ್ದೇ ಒಂದು ಪೆಂಡಾಲಿನಲ್ಲಿ ತನ್ನ ಅತ್ತಿಗೆಯನ್ನು ಕ್ಷಮಿಸಿದಳು, ಸಾಯುವವರೆಗೆ ಆ ಮಾತಿಗೆ ನಿಂತಳು. ಹದಿನಾರನೆಯ ದಿನ ಏನು ಮಾಡುತ್ತೀರಿ ಎನ್ನುವುದು ನನ್ನ ಪ್ರಶ್ನೆ.

ನೀವು ಮೆಥೋಡಿಸ್ಟ್ ಸಭೆಯವರು ಎಂದು ಬರೆದಿದ್ದೀರಿ. ಹಾಗಾದರೆ ಉತ್ತರ ನಿಮ್ಮ ಮನೆಯಲ್ಲೇ ಇದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1739ರಲ್ಲಿ ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಒಂದು ಪ್ರಾರ್ಥನಾ ಮಂದಿರ ಕಟ್ಟಿಸಿದರು, ಅದರ ಹೆಸರೇ "ಹೊಸ ಕೋಣೆ". ಕಟ್ಟಡದ ಸಾಲ ತೀರಲಿಲ್ಲ. 1742ರಲ್ಲಿ ಈ ಸಾಲದ ಬಗ್ಗೆ ಮಾತಾಡಲು ಸೇರಿದಾಗ ಒಬ್ಬ ಹಡಗಿನ ಕ್ಯಾಪ್ಟನ್ ಎದ್ದು, ಎಲ್ಲರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದ. ಬಹಳ ಜನ ಬಡವರು, ಆಗುವುದಿಲ್ಲ ಎಂದರು ಇನ್ನೊಬ್ಬರು. ಹಾಗಾದರೆ ಅತ್ಯಂತ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಕೊಡಲಾಗದವರ ಪಾಲನ್ನು ನಾನೇ ತುಂಬುತ್ತೇನೆ ಎಂದ ಆ ಮನುಷ್ಯ. ಉಳಿದವರೂ ಹಾಗೇ ಹನ್ನೊಂದು ಹನ್ನೊಂದು ಜನರನ್ನು ಹೊತ್ತುಕೊಂಡರು. ಪೆನ್ನಿಗಾಗಿ ಮನೆಮನೆಗೆ ಹೋದಾಗ ಕಂಡದ್ದೇ ಬೇರೆ. ಯಾರು ಹೇಗೆ ಬದುಕುತ್ತಿದ್ದಾರೆ ಎನ್ನುವುದು ಗೊತ್ತಾಯಿತು. ವೆಸ್ಲಿಯವರ ಪ್ರಸಂಗ ಕೇಳಲು ಬಯಲಿನಲ್ಲಿ ಸಾವಿರಾರು ಜನ ಸೇರುತ್ತಿದ್ದರು, ಆದರೆ ಅವರನ್ನು ಹಿಡಿದು ನಿಲ್ಲಿಸಿದ್ದು ಹನ್ನೆರಡು ಜನರ ಈ ಕೂಟಗಳು ಎಂದೇ ನಾನು ತಿಳಿದಿದ್ದೇನೆ.

ನಿಮ್ಮ ಸಭೆ ಈ ಸಲ ಪೆಂಡಾಲಿನ ಕಡೆಯ ರಾತ್ರಿ ಕೈಯೆತ್ತಿದವರ ಹೆಸರು ಬರೆದುಕೊಳ್ಳಲಿ. ಹನ್ನೊಂದು ಜನಕ್ಕೆ ಒಬ್ಬರು. ಹದಿನಾರನೆಯ ದಿನ ಅವರ ಮನೆಯ ಬಾಗಿಲಲ್ಲಿ ಯಾರಾದರೂ ನಿಂತಿರಲಿ.

ಆಸ್ತಿಯ ಜಗಳದಿಂದ ನನ್ನ ಅಣ್ಣನ ಜೊತೆ ನಾಲ್ಕು ವರ್ಷದಿಂದ ಮಾತಿಲ್ಲ. ಇಬ್ಬರೂ ಒಂದೇ ಸಭೆ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವಾಗ ಎದೆ ಭಾರವಾಗುತ್ತದೆ. (ಉಡುಪಿ)

ಯಜ್ಞವೇದಿಯ ಮುಂದೆ ಸಹೋದರನ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಮತ್ತಾಯನ ಐದನೆಯ ಅಧ್ಯಾಯದಲ್ಲಿದೆ. ನಿಮಗೆ ಗೊತ್ತಿರುವ ವಚನವೇ. ಅದಕ್ಕೇ ಎದೆ ಭಾರ.

ನೀವು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸೇರಿದವರಾದ್ದರಿಂದ ಒಂದು ದಾರಿ ನಿಮ್ಮ ಕೈಯಲ್ಲೇ ಇದೆ ಎನ್ನುತ್ತೇನೆ. 1947ರಲ್ಲಿ ದಕ್ಷಿಣ ಭಾರತ ಸಭೆ ಒಂದಾಗಿ, ಬೇರೆಬೇರೆ ಮಿಶನ್‌ಗಳಿಂದ ಬಂದವರು ಒಂದೇ ಮೇಜಿಗೆ ಬಂದಾಗ, 1950ರಲ್ಲಿ ಹೊಸ ಆರಾಧನಾ ಕ್ರಮ ರೂಪಿಸಿದರು. ಆಗ ಕೇರಳದ ಸಿರಿಯನ್ ಕ್ರೈಸ್ತರ ಪದ್ಧತಿಯಿಂದ ಸಮಾಧಾನ ಹಂಚುವುದನ್ನು ತೆಗೆದುಕೊಂಡರು. ಒಬ್ಬರ ಅಂಗೈ ಇನ್ನೊಬ್ಬರ ಎರಡು ಅಂಗೈಗಳ ನಡುವೆ. ನಾವು ಅದನ್ನು ಪಕ್ಕದವರಿಗೆ ಕೊಟ್ಟು ಮುಗಿಸುತ್ತೇವೆ. ಬರುವ ಭಾನುವಾರ ನಿಮ್ಮ ಬೆಂಚು ಬಿಟ್ಟು ಅಣ್ಣನ ಬೆಂಚಿಗೆ ಹೋಗಿ ಕೂರಿ. ಆಸ್ತಿಯ ಮಾತು ಆಮೇಲೆ, ಅದಕ್ಕೆ ಕಾಗದಪತ್ರವಿದೆ, ವಕೀಲರಿದ್ದಾರೆ. ಅವರು ಕೈ ಹಿಂದೆಗೆದರೆ? ನಿಮ್ಮ ಕೈ ಚಾಚಿತ್ತು ಎಂದು ದೇವರ ಮುಂದೆ ಹೇಳಬಹುದು, ಎದೆಯ ಅರ್ಧ ಭಾರವಾದರೂ ಇಳಿಯುತ್ತದೆ. ಆದದ್ದನ್ನು ನನಗೆ ಬರೆಯಿರಿ.

ಐಟಿ ಕೆಲಸ, ರಾತ್ರಿ ಪಾಳಿ. ಭಾನುವಾರ ಯೂಟ್ಯೂಬಿನಲ್ಲಿ ನಮ್ಮೂರಿನ ಆರಾಧನೆ ನೋಡುತ್ತೇನೆ. ಸಾಲದೇ? (ಬೆಂಗಳೂರು)

ಕೊರೋನಾ ಕಾಲದಲ್ಲಿ ಅದೇ ನಮ್ಮನ್ನೆಲ್ಲ ಉಳಿಸಿತು, ಅದನ್ನು ಕಡೆಗಣಿಸುವುದಿಲ್ಲ. ಆದರೆ ಪರದೆಯ ಆಚೆ ಇರುವವರಿಗೆ ನೀವು ಇವತ್ತು ಬಂದಿಲ್ಲ ಎಂದು ಗೊತ್ತಾಗುವುದಿಲ್ಲ. "ಬಾಗಿಲಲ್ಲಿ ನಿಂತು ತಟ್ಟುತ್ತಿದ್ದೇನೆ" ಎಂಬ ವಚನವನ್ನು ನಾವು ಒಬ್ಬೊಬ್ಬರ ಹೃದಯದ ಬಾಗಿಲು ಎಂದೇ ಹಾಡುತ್ತ ಬಂದಿದ್ದೇವೆ. ಪ್ರಕಟನೆಯ ಮೂರನೆಯ ಅಧ್ಯಾಯ ತೆಗೆದು ನೋಡಿ, ಆ ಕಾಗದ ಹೋದದ್ದು ಲವೊದಿಕೀಯ ಎಂಬ ಒಂದು ಇಡೀ ಸಭೆಗೆ. ತಟ್ಟುವ ಸದ್ದು ಒಬ್ಬರಿಗೆ ಕೇಳಿಸದಿದ್ದರೆ ಇನ್ನೊಬ್ಬರಿಗೆ ಕೇಳಿಸಲಿ ಎಂದು ನಾವು ಜೊತೆಗಿರಬೇಕು. ರಾತ್ರಿ ಪಾಳಿ ಮುಗಿಸಿ ಭಾನುವಾರ ಬೆಳಿಗ್ಗೆ ಎಚ್ಚರವಿರುವುದು ಕಷ್ಟ, ಒಪ್ಪುತ್ತೇನೆ. ನಿಮ್ಮ ಪಾಳಿಯಲ್ಲೇ ಇರುವ ಇನ್ನೊಬ್ಬ ವಿಶ್ವಾಸಿಯನ್ನು ಹುಡುಕಿ. ಬೆಳಗಿನ ಕ್ಯಾಬ್ ಹತ್ತುವ ಮೊದಲು ಕ್ಯಾಂಟೀನಿನಲ್ಲಿ ಹತ್ತು ನಿಮಿಷ, ಒಂದು ಕೀರ್ತನೆ. ತಿಂಗಳಿಗೊಮ್ಮೆಯಾದರೂ ಕರ್ತನ ಭೋಜನಕ್ಕೆ ಹತ್ತಿರದ ಯಾವುದಾದರೂ ಸಭೆಗೆ ಹೋಗಿ, ರೊಟ್ಟಿ ಕೈಗೆ ಬರಬೇಕು.

ನನಗೆ ಎಪ್ಪತ್ತೆಂಟು. ಸೊಂಟ ಮುರಿದು ಹಾಸಿಗೆ ಹಿಡಿದು ಎರಡು ವರ್ಷ. ಸಭೆಯವರು ಮೊದಮೊದಲು ಬರುತ್ತಿದ್ದರು, ಈಗ ಹಬ್ಬಕ್ಕೆ ಮಾತ್ರ. ಬೆಳಗಿನ ನಾಲ್ಕಕ್ಕೆ ಎಚ್ಚರವಾಗುತ್ತದೆ, ಕೋಳಿ ಕೂಗುವವರೆಗೆ ಸುಮ್ಮನೆ ಮಲಗಿರುತ್ತೇನೆ. ನಾನು ಯಾರಿಗೆ ಏನು ಜಾಗ ಮಾಡಲಿ? (ಧಾರವಾಡದ ಹತ್ತಿರದ ಹಳ್ಳಿ, ಮೊಮ್ಮಗಳ ಕೈಯಲ್ಲಿ ಬರೆಸಿದ್ದು)

ಅಜ್ಜೀ, ನಿಮ್ಮ ಸಭೆ ನಿಮ್ಮ ಬಳಿ ಬರಬೇಕಿತ್ತು. ಬಾರದಿದ್ದದ್ದು ತಪ್ಪು, ನಾನೂ ಇಂಥ ತಪ್ಪು ಮಾಡಿದವಳು. ನಿಮ್ಮ ಮೊಮ್ಮಗಳು ಕೊಟ್ಟ ನಂಬರಿಗೆ ಫೋನು ಮಾಡಿದ್ದೇನೆ. ಧಾರವಾಡದಲ್ಲಿ ನಮ್ಮ ಕೂಟದ ಇಬ್ಬರ ನೆಂಟರಿದ್ದಾರೆ, ಡಿಸೆಂಬರಿನ ಎರಡನೆಯ ಗುರುವಾರ ನಿಮ್ಮ ಹಾಸಿಗೆಯ ಪಕ್ಕದಲ್ಲೇ ಕೂಟ.

ಈಗ ನಿಮ್ಮ ನಾಲ್ಕು ಗಂಟೆಯ ಮಾತು. ಜರ್ಮನಿಯಲ್ಲಿ ಹೆರ್ನ್‌ಹೂಟ್ ಎಂಬ ಊರಿತ್ತು. ಹುಟ್ಟಿದ ನೆಲ ಬಿಟ್ಟು ಓಡಿಬಂದ ಮೊರಾವಿಯಾದ ವಿಶ್ವಾಸಿಗಳು ಅಲ್ಲಿ ನೆಲೆಸಿದ್ದರು. ಊರು ಚಿಕ್ಕದು, ಜಗಳ ದೊಡ್ಡದು. 1727ರ ಆಗಸ್ಟ್ 13ರಂದು ಕರ್ತನ ಭೋಜನದಲ್ಲಿ ಸೇರಿದಾಗ ಅವರ ಮನಸ್ಸು ಕರಗಿ ಒಂದಾದರು. ಅದೇ ತಿಂಗಳು ಇಪ್ಪತ್ತನಾಲ್ಕು ಗಂಡಸರು, ಇಪ್ಪತ್ತನಾಲ್ಕು ಹೆಂಗಸರು ದಿನದ ಒಂದೊಂದು ಗಂಟೆಯನ್ನು ಹಂಚಿಕೊಂಡರು. ಹಗಲು ರಾತ್ರಿ ಯಾವ ಗಂಟೆಯಲ್ಲೂ ಯಾರಾದರೊಬ್ಬರು ಪ್ರಾರ್ಥನೆಯಲ್ಲಿರಬೇಕು ಎಂದು. ಆ ಸರಪಳಿ ನೂರು ವರ್ಷಕ್ಕೂ ಮೇಲೆ ನಡೆಯಿತು. ಅಲ್ಲೂ ಯಾರಿಗೋ ಬೆಳಗಿನ ನಾಲ್ಕು ಗಂಟೆ ಬಂದಿರಬೇಕಲ್ಲ.

ನಮ್ಮ ಗುರುವಾರದವರು ಒಂಬತ್ತು ಜನ, ಸಂಜೆಯ ಗಂಟೆಗಳನ್ನೆಲ್ಲ ಹಂಚಿಕೊಂಡಿದ್ದೇವೆ. ಬೆಳಗಿನ ನಾಲ್ಕರ ಹೊತ್ತಿಗೆ ಮಾತ್ರ ಯಾರೂ ಸಿಕ್ಕಿರಲಿಲ್ಲ, ನಾನು ಪ್ರಯತ್ನಿಸಿ ನಿದ್ದೆ ಹೋದೆ. ನೋಟುಬುಕ್ಕಿನಲ್ಲಿ ನಾಲ್ಕರ ಎದುರಿಗೆ ನಿಮ್ಮ ಹೆಸರು ಬರೆದಿದ್ದೇನೆ. ಒಂಬತ್ತು ಹೆಸರುಗಳನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದು ಅಂಚೆಗೆ ಹಾಕಿದ್ದೇನೆ, ಮೊಮ್ಮಗಳು ಗೋಡೆಗೆ ಅಂಟಿಸಲಿ. ಮೊದಲನೆಯ ಹೆಸರು ಆ ಹಿಂದಿನ ಬೆಂಚಿನ ಅಕ್ಕನದು, ಮಗ ಇನ್ನೂ ಕುಡಿಯುತ್ತಿದ್ದಾನೆ. ನನ್ನದು ಕೊನೆಯಲ್ಲಿದೆ.